ಮಮದಾಪುರದ ಪುಡಿ

ಮಸಗುಪ್ಪಿ, ತಾ. ಗೋಕಾಕ
12 ಜೂನ್ 1999

ಅನ್ನಪೂರ್ಣಾ,

ಜಯ ಜಿನೇಂದ್ರ. ಅಕ್ಷರ ನೋಡಿಯೇ ಗುರುತು ಸಿಕ್ಕಿರುತ್ತದೆ. ಹೌದು, ನಾನೇ, ಮಮದಾಪುರದ ನಿಮ್ಮ ಓಣಿಯ ಸುಂದರಾ. ನಿನ್ನ ಮಗಳ ಮದುವೆಗೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ ಅಂಚೆಯಲ್ಲಿ ಕಾರ್ಡು ಎಸೆದವಳು ನೀನು. ಹಾಗೆ ಕರೆದರೆ ಬರುವವಳು ನಾನಲ್ಲ. ಒಂಬತ್ತು ವರ್ಷವಾಯಿತು. ಈಗ ಮೊದಲು ಪತ್ರ ಬರೆದೆನೆಂದು ಸೋತೆ ಅಂದುಕೊಳ್ಳಬೇಡ. ಪತ್ರ ಬರೆಯುವುದು ಬೇರೆ, ಮನೆಗೆ ಬರುವುದು ಬೇರೆ. ನಿನ್ನ ಹೊಸ್ತಿಲನ್ನು ನಾನಂತೂ ಮೊದಲು ತುಳಿಯುವುದಿಲ್ಲ.

ಕೆಲಸವಿದ್ದೇ ಬರೆಯುತ್ತಿದ್ದೇನೆ. ಯುಗಾದಿಯ ಆಸುಪಾಸಿನಲ್ಲಿ ನನಗೆ ಮೂತ್ರದಲ್ಲಿ ರಕ್ತ ಹೋಯಿತು. ನೋವಿರಲಿಲ್ಲ, ಯಾರಿಗೂ ಹೇಳಲಿಲ್ಲ. ಕಡೆಗೆ ನಮ್ಮ ಮನೆಯವರಿಗೆ ಗೊತ್ತಾಗಿ ಮಿರಜಿನ ಆಸ್ಪತ್ರೆಗೆ ಕರೆದೊಯ್ದರು. ಮೂತ್ರಕೋಶದಲ್ಲಿ ಗಂಟು. ಕ್ಯಾನ್ಸರ್. ದುರ್ಬೀನು ಹಾಕಿ ಕೆರೆದು ತೆಗೆದಿದ್ದಾರೆ, ಬೇರು ಆಳಕ್ಕೆ ಇಳಿದಿಲ್ಲವಂತೆ. ಮತ್ತೆ ಬರಬಾರದೆಂದು ವಾರಕ್ಕೊಮ್ಮೆಯಂತೆ ಆರು ಸಲ ನಳಿಕೆಯಿಂದ ಒಳಗೆ ಔಷಧ ಬಿಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಮೂತ್ರಕೋಶವನ್ನೇ ತೆಗೆದು ಸೊಂಟಕ್ಕೆ ಚೀಲ ಕಟ್ಟುತ್ತಾರೆ.

ಸಾವಿಗೆ ನಾನು ಹೆದರುವವಳಲ್ಲ. ಈ ಚೀಲಕ್ಕೆ ಹೆದರಿದ್ದೇನೆ. ನಮ್ಮ ಮಾತಾಜಿಯವರಿಗೆ, ಸನ್ಯಾಸ ತೆಗೆದುಕೊಂಡ ತಾಯಿಯವರಿಗೆ, ನಮ್ಮ ಮನೆಯಲ್ಲಿ ಆಹಾರ ಆಗದ ವರ್ಷವೇ ಇಲ್ಲ. ಊರಿನಲ್ಲಿ ಅದು ನನ್ನ ಹೆಮ್ಮೆ, ಮುಚ್ಚಿಡುವುದೇನು? ಅವರ ಕೈಗೆ ಮೊದಲ ತುತ್ತು ಹಾಕುವ ಮುಂಚೆ "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ" ಎಂದು ನಾವು ಹೇಳಬೇಕು. ಮೂತ್ರದ ಚೀಲ ಕಟ್ಟಿಕೊಂಡು ಯಾವ ಬಾಯಿಂದ ಕಾಯಶುದ್ಧಿ ಎನ್ನಲಿ? ಈಗಲೇ ಬಸ್ಸು ಹತ್ತುವುದನ್ನು ಬಿಟ್ಟಿದ್ದೇನೆ. ಗೋಕಾಕ ಮುಟ್ಟುವುದರೊಳಗೆ ಎರಡು ಸಲ ಬಸ್ಸು ನಿಲ್ಲಿಸು ಎಂದು ಕಂಡಕ್ಟರನ ಮುಂದೆ ಹಲ್ಲು ಗಿಂಜಿದೆ. ನಾನು! ಮಿರಜಿಗೆ ಘಟಪ್ರಭಾದಿಂದ ರೈಲಿನಲ್ಲೇ ಹೋಗುವುದು. ಅದರಲ್ಲಾದರೆ ಸಂಡಾಸು ಇರುತ್ತದೆ.

ನಿನ್ನನ್ನು ಕೇಳುವುದಿಷ್ಟು. ಆ ಔಷಧ ಅಂದರೆ ಬಿ.ಸಿ.ಜಿ.ಯಂತೆ, ಕೂಸುಗಳ ರಟ್ಟೆಗೆ ಕ್ಷಯ ಬರದಂತೆ ಚುಚ್ಚುತ್ತಾರಲ್ಲ, ಅದೇ. ಜೀವಂತ ಕ್ರಿಮಿಗಳಂತೆ. ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುವ ನಾನು ಈಗ ಕ್ರಿಮಿಗಳಿಗೆ ಮನೆ ಮಾಡಿಕೊಡಬೇಕೇ? ಡಾಕ್ಟರು ಚೇಷ್ಟೆ ಮಾಡುತ್ತಿದ್ದಾರೋ ಖರೆ ಹೇಳುತ್ತಿದ್ದಾರೋ? ಮೂವತ್ತು ವರ್ಷ ನರ್ಸ್ ಆಗಿ ದುಡಿದಿದ್ದೀ, ನಿನಗೆ ಗೊತ್ತಿರುತ್ತದೆ.

ಬೇರೇನು ಔಷಧ ತಗೋತೀರಿ ಎಂದು ಅವರು ಕೇಳಿದರು. ಏನೂ ಇಲ್ಲ ಎಂದೆ. ಮೊಣಕಾಲಿಗೆ ನಿಮ್ಮ ತವರಿನ ಪುಡಿ ತಿನ್ನುತ್ತೇನೆ, ಆದರೆ ಅದೇನು ಔಷಧವೇ? ನಿನ್ನ ಅಪ್ಪ ಶಿದ್ಲಿಂಗಪ್ಪ ಕಾಕಾ ಕೊಡುತ್ತಿದ್ದ ಕಾಲದಿಂದ ತಿಂದದ್ದು. ಜಗಳ ನಿನ್ನ ಜೊತೆ, ಪುಡಿಯ ಜೊತೆ ಅಲ್ಲ.

ಸಿಟ್ಟು ಬಿಡದ,
ಸುಂದರಾ

*

ಹುಕ್ಕೇರಿ
20 ಜೂನ್ 1999

ಸುಂದರಾ,

ಶರಣು. ನಿನ್ನ ಪತ್ರ ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು, ಆಮೇಲೆ ನಕ್ಕೆ. ಮದುವೆಯ ಗಡಿಬಿಡಿಯಲ್ಲಿ ಎಲ್ಲರಿಗೂ ಅಂಚೆಯಲ್ಲೇ ಕಳಿಸಿದ್ದೆ, ನೀನೊಬ್ಬಳೇ ಮುಖ ಊದಿಸಿಕೊಂಡದ್ದು. ನಿನ್ನ ಮನೆಗೆ ನಾನೂ ಮೊದಲು ಬರುವುದಿಲ್ಲ. ಅದಿರಲಿ.

ಡಾಕ್ಟರು ಹೇಳಿದ್ದು ಖರೆ. ಆ ಕ್ರಿಮಿಗಳು ಸತ್ತಷ್ಟೇ ಸಾಧು, ಆದರೆ ಜೀವ ಇರುತ್ತದೆ. ಕ್ಯಾನ್ಸರನ್ನು ಅವು ನೇರವಾಗಿ ಕೊಲ್ಲುವುದಿಲ್ಲ. ಅವನ್ನು ಕಂಡು ನಿನ್ನ ಮೈಯೊಳಗಿನ ಕಾವಲುಗಾರರು ಎಚ್ಚರಗೊಂಡು ಕೋಲು ಹಿಡಿದು ಬರುತ್ತಾರೆ. ಬಂದವರು ಅಲ್ಲಿ ಅಡಗಿದ ಕಳ್ಳನನ್ನೂ ಬಡಿಯುತ್ತಾರೆ. ದುಡಿಯುವುದು ನಿನ್ನ ಮೈ, ಔಷಧ ಬರೀ ಕೂಗಿ ಎಬ್ಬಿಸುತ್ತದೆ. ಅದಕ್ಕೆ ಉರಿ, ಸಣ್ಣ ಜ್ವರ ಬರುವುದುಂಟು. ಹಾಗಾದಾಗ ಅಂಗಡಿಯಿಂದ ಗುಳಿಗೆ ತಂದು ನುಂಗಬೇಡ. ಕೆಲವು ಗುಳಿಗೆ ಆ ಕ್ರಿಮಿಗಳನ್ನೇ ಕೊಂದುಹಾಕುತ್ತವೆ, ಔಷಧ ಬಿಟ್ಟದ್ದೂ ಒಂದೇ ಬಿಡದಿದ್ದದ್ದೂ ಒಂದೇ ಆಗುತ್ತದೆ. ಉರಿ ಬಹಳವಾದರೆ, ಜ್ವರ ಇಳಿಯದಿದ್ದರೆ ಮಿರಜಿನವರನ್ನೇ ಕೇಳು.

ಅಪ್ಪನ ಪುಡಿಯ ಚಿಂತೆ ಬೇಡ. ಅದು ಶುಂಠಿ, ಅಶ್ವಗಂಧ, ನಾಲ್ಕು ಬೇರು. ನಾನೇ ಚಿಕ್ಕವಳಿದ್ದಾಗ ಕುಟ್ಟಿದ್ದೇನೆ. ಅಪ್ಪ ಹೋದ ಮೇಲೂ ತಮ್ಮ ಭೀಮರಾಯ ಅದನ್ನು ನಡೆಸಿಕೊಂಡು ಬಂದಿದ್ದಾನೆ. ಅಮಾವಾಸ್ಯೆಗೆ ಪುಡಿ ಒಯ್ಯಲು ಮಹಾರಾಷ್ಟ್ರದಿಂದ ಮಂದಿ ಜೀಪು ಮಾಡಿಕೊಂಡು ಬರುತ್ತಾರೆ. ತವರಿನ ಹೆಸರು ಹೇಳಿದರೆ ನನಗೆ ಆಸ್ಪತ್ರೆಯಲ್ಲೂ ಒಂದು ಗತ್ತು.

ಔಷಧ ಬಿಟ್ಟ ದಿನ, ಅವರು ಹೇಳಿದಷ್ಟು ಹೊತ್ತು ತಡೆದಾದ ಮೇಲೆ ನೀರು ಚೆನ್ನಾಗಿ ಕುಡಿ. ಸೂರ್ಯ ಮುಳುಗಿದ ಮೇಲೆ ನೀನು ಹನಿ ನೀರು ಮುಟ್ಟುವುದಿಲ್ಲ, ಗೊತ್ತು. ಅದಕ್ಕೇ ಬೆಳಗಿನ ಪಾಳಿ ಕೇಳಿ ತಗೋ.

ಸಿಟ್ಟು ಯಾವಾಗಲೋ ಬಿಟ್ಟ,
ಅನ್ನಪೂರ್ಣಾ

*

ಮಸಗುಪ್ಪಿ
16 ಜುಲೈ 1999

ಅನ್ನಪೂರ್ಣಾ,

ನಾಲ್ಕು ಸಲ ಆಯಿತು. ನೀನು ಹೆದರಿಸಿದ ಉರಿಯೂ ಇಲ್ಲ, ಜ್ವರವೂ ಇಲ್ಲ! ನನ್ನ ಜೊತೆ ಔಷಧ ಬಿಡಿಸಿಕೊಳ್ಳುವ ಸಾಂಗಲಿಯ ಒಬ್ಬರು ನಡುಗಿ ಹೋಗುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ. ನಾನು ಅದೇ ದಿನ ಮನೆಗೆ ಬಂದು ರೊಟ್ಟಿ ಬಡಿಯುತ್ತೇನೆ. ಅವರ ಹೆಂಡತಿ "ತುಮಚಿ ಪ್ರಕೃತಿ ಲೋಖಂಡಾಚೀ" ಎಂದು ಬೆರಗಾದಳು, ಕಬ್ಬಿಣದ ಮೈ ಅಂತೆ. ನನ್ನೆದೆ ಹಿಗ್ಗಿತು, ಸುಳ್ಳು ಯಾಕೆ ಹೇಳಲಿ.

ಮಂದಿ ಬೇರೆ, "ಸುಂದರಾಬಾಯಿ, ಕ್ಯಾನ್ಸರ್ ಬಂದಾವರ ಸೊರಗತಾರ, ನೀವ ತುಂಬಕೊಂಡೀರಲ್ರಿ" ಎನ್ನುತ್ತಾರೆ. ಮುಖ ಗುಂಡಗಾಗಿದೆ, ಹೌದು. ಹಸಿವೂ ಜೋರು. ಕೈಗೆ ಚೂರು ಏನಾದರೂ ತಾಗಿದರೆ ನೀಲಿಗಟ್ಟುತ್ತದೆ, ಅದೊಂದು ಬಿಟ್ಟರೆ ಮೊಣಕಾಲು ಹದಿನಾರರ ಹುಡುಗಿಯವು. ನಿಮ್ಮ ಪುಡಿ ಈಗ ದಿನಕ್ಕೆ ಎರಡು ಹೊತ್ತು ತಿನ್ನುತ್ತಿದ್ದೇನೆ. ಮಿರಜಿನ ಮೆಟ್ಟಿಲು ಹತ್ತಬೇಕಲ್ಲ.

ಕಬ್ಬಿಣದ ಮೈಯ,
ಸುಂದರಾ

*

ಹುಕ್ಕೇರಿ
24 ಜುಲೈ 1999

ಸುಂದರಾ,

ಈ ಪತ್ರ ಮುಟ್ಟಿದ ಕೂಡಲೇ ಮಿರಜಿಗೆ ಹೋಗಿ ಡಾಕ್ಟರಿಗೆ ತೋರಿಸು. ಮುಂದಿನ ಔಷಧ ಬಿಡುವ ಮುಂಚೆ ತೋರಿಸಲೇಬೇಕು.

ಗುಂಡು ಮುಖ, ನೀಲಿಗಟ್ಟುವ ಮೈ ಎಂದು ನೀನು ಹೆಮ್ಮೆಯಿಂದ ಬರೆದದ್ದನ್ನು ಓದಿ ನನಗೆ ಸಂಶಯ ಬಂತು. ಅಂಥ ಮುಖಗಳನ್ನು ವಾರ್ಡಿನಲ್ಲಿ ಎಷ್ಟೋ ನೋಡಿದ್ದೇನೆ. ಮರುದಿನವೇ ರಜೆ ಹಾಕಿ ಮಮದಾಪುರಕ್ಕೆ ಹೋದೆ. ತಮ್ಮನನ್ನು ಹಿತ್ತಲಿಗೆ ಕರೆದು ಪುಡಿಯಲ್ಲಿ ಏನು ಹಾಕುತ್ತೀ ಎಂದು ಕೇಳಿದೆ. ಮೊದಲು ಬೇರು ಎಂದ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು ಎಂದೆ.

"ಅಪ್ಪಾರ ಪುಡಿ ಹದಿನೈದ ದಿನಕ್ಕ ಗುಣಾ ಕೊಡತಿತ್ತಕ್ಕಾ. ಈಗಿನ ಮಂದಿಗಿ ಅಷ್ಟ ತಾಳ್ಮಿ ಎಲ್ಲೈತಿ? ಒಂದ ದಿನದಾಗ ನೋವ ಹೋಗಬೇಕ ಅಂತಾರ. ಗುಣಾ ಕಾಣಲಿಲ್ಲಂದ್ರ ಅಪ್ಪಾರ ಹೆಸರ ಕೆಡತೈತಿ. ಅದಕ್ಕ ಬಿಳೆ ಗುಳಿಗಿ ಅರದ ಕೂಡಸ್ತೇನಿ."

ಅಪ್ಪನ ಹೆಸರು ಉಳಿಸಲು! ಆ ಬಿಳಿ ಗುಳಿಗೆ ಸ್ಟೀರಾಯ್ಡ್. ಅದು ಮೈಯ ಕಾವಲುಗಾರರನ್ನು ಮಲಗಿಸುತ್ತದೆ, ಅದಕ್ಕೇ ನೋವು ಮಾಯ. ಮಿರಜಿನವರು ಎಬ್ಬಿಸುತ್ತಿದ್ದಾರೆ, ನಮ್ಮ ಮನೆಯ ಪುಡಿ ಮಲಗಿಸುತ್ತಿದೆ. ನಿನಗೆ ಉರಿ ಬಾರದಿದ್ದದ್ದು ಕಬ್ಬಿಣದ ಮೈಯಿಂದ ಅಲ್ಲ. ಅಷ್ಟೇ ಅಲ್ಲ, ಕಾವಲಿಲ್ಲದ ಮೈಯಲ್ಲಿ ಆ ಸಾಧು ಕ್ರಿಮಿಗಳೂ ಎಲ್ಲೆಂದರಲ್ಲಿ ಹಬ್ಬಿ ರೋಗವಾಗಬಹುದು.

ಇನ್ನೊಂದು ಮಾತು, ಇದನ್ನು ಎರಡು ಸಲ ಓದು. ಪುಡಿಯನ್ನು ನೀನಾಗಿ ತಟ್ಟನೆ ನಿಲ್ಲಿಸಬೇಡ. ಬದುಕಲು ಬೇಕಾದ ಅಂಥದೇ ರಸವನ್ನು ಮೈ ತಾನೂ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಹೊರಗಿನಿಂದ ಸಿಕ್ಕಿದ್ದಕ್ಕೆ ಅದನ್ನು ಮಾಡುವುದನ್ನೇ ಮರೆತಿರುತ್ತದೆ. ಡಾಕ್ಟರು ಅಳತೆ ಹಾಕಿ ಮೆಲ್ಲಗೆ ಇಳಿಸಬೇಕು.

ಚಿಂತೆ ಮಾಡಬೇಡ ಎಂದು ನಾನೇ ಬರೆದಿದ್ದೆ. ಅದನ್ನು ನೆನೆಸಿದರೆ ಅನ್ನ ಇಳಿಯುವುದಿಲ್ಲ.

ಅನ್ನಪೂರ್ಣಾ

*

ಮಸಗುಪ್ಪಿ
30 ಜುಲೈ 1999

ಅನ್ನಪೂರ್ಣಾಬಾಯಿಯವರಿಗೆ,

ನಿಮ್ಮ ಪತ್ರ ಮುಟ್ಟಿತು. ಎರಡು ಸಲ ಓದಿದೆ. ಆಮೇಲೆ ಸ್ನಾನ ಮಾಡಿ ಬಸದಿಗೆ ಹೋಗಿ, ಸ್ವಾಮಿಯ ಎದುರು ನಿಂತು, ಆ ಪುಡಿಯನ್ನೂ ಅದರಲ್ಲಿ ಕೂಡಿಸಿದ ಔಷಧವನ್ನೂ ಬದುಕಿರುವ ತನಕ ತ್ಯಾಗ ಮಾಡಿದೆ. ಬಟಾಟೆ, ಉಳ್ಳಾಗಡ್ಡಿ ಬಿಟ್ಟವಳಿಗೆ ಇದೇನು ದೊಡ್ಡದು? ಉಳಿದ ಪುಡಿಯನ್ನು ತಿಪ್ಪೆಗೆ ಚೆಲ್ಲಿದೆ.

ಮೆಲ್ಲಗೆ ಇಳಿಸು ಎಂದು ಬರೆದಿದ್ದೀರಿ. ಮೋಸದ ಕೂಳನ್ನು ಮೆಲ್ಲಗೆ ಬಿಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಮಿರಜಿಗೆ ಮುಂದಿನ ವಾರ ಹೋಗುತ್ತೇನೆ. ನಿಮ್ಮ ತಮ್ಮನಿಗೆ ತಿಳಿಸಿ.

ಸುಂದರಾಬಾಯಿ ಆಬಾಸಾಹೇಬ ಪಾಟೀಲ

*

ಗೋಕಾಕ
4 ಆಗಸ್ಟ್ 1999

ಸೌ. ಅನ್ನಪೂರ್ಣಾಬಾಯಿಯವರಿಗೆ ಆಬಾಸಾಹೇಬ ಪಾಟೀಲನ ನಮಸ್ಕಾರ.

ಗೋಕಾಕದ ದವಾಖಾನೆಯಿಂದ ಬರೆದು, ಹುಕ್ಕೇರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ. ಮನೆಯವಳು ಮೊನ್ನೆ ವಾಂತಿ ಮಾಡಿಕೊಂಡು ಬಚ್ಚಲಲ್ಲಿ ಬಿದ್ದಳು. ಮೈ ತಣ್ಣಗೆ, ನಾಡಿ ಸಿಗಲಿಲ್ಲ. ಇಲ್ಲಿನ ಡಾಕ್ಟರು ನಿಮ್ಮ ಪತ್ರ ಓದಿದ್ದರಿಂದಲೇ ಕಾರಣ ತಿಳಿದು ಸೂಜಿ ಮಾಡಿದರು, ಜೀವ ಉಳಿಯಿತು. ಈಗ ಎಚ್ಚರವಾಗಿದ್ದಾಳೆ. ಆದರೆ ಇನ್ನು ಅದೇ ಔಷಧವನ್ನು ಗುಳಿಗೆಯಾಗಿ ಕೊಟ್ಟು ಇಳಿಸಬೇಕಂತೆ, ಇವಳು ಬಾಯಿ ತೆರೆಯುವುದಿಲ್ಲ. ದೇವರೆದುರು ಬಿಟ್ಟದ್ದು ಎನ್ನುತ್ತಾಳೆ. ಸೂಜಿಯನ್ನೂ ಬೇಡವೆಂದು ಕೈ ಎಳೆದುಕೊಳ್ಳುತ್ತಾಳೆ. ನನ್ನ ಮಾತು, ಮಗ ಜಿನೇಂದ್ರನ ಮಾತು ನಡೆಯುತ್ತಿಲ್ಲ.

ಅವಳು ಸಿಟ್ಟಿಗೇಳುವುದು ಯಾರ ಮಾತಿಗೋ ಅವರ ಮಾತನ್ನೇ ಕೇಳುತ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಂಡುಕೊಂಡದ್ದು ಇದು. ದಯವಿಟ್ಟು ಬನ್ನಿ.

ಆಬಾಸಾಹೇಬ

*

ಮಸಗುಪ್ಪಿ
22 ಆಗಸ್ಟ್ 1999

ಅನ್ನೀ,

ಮೊದಲೇ ಹೇಳಿಬಿಡುತ್ತೇನೆ. ನೀನು ದವಾಖಾನೆಗೆ ಬಂದದ್ದು ಲೆಕ್ಕಕ್ಕಿಲ್ಲ. ದವಾಖಾನೆ ನನ್ನ ಮನೆಯಲ್ಲ.

ನಮ್ಮ ಜಗಳವನ್ನು ವಾರ್ಡಿನ ಮಂದಿ ಇನ್ನೂ ಆಡಿಕೊಳ್ಳುತ್ತಿದ್ದಾರಂತೆ. ಮನೆಯವರು ಅದನ್ನು ಕಂಡವರಿಗೆಲ್ಲ ಅಭಿನಯ ಮಾಡಿ ತೋರಿಸುತ್ತಾರೆ. ನೀನು ಯೂನಿಫಾರ್ಮಿನಲ್ಲೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತೆ.

"ಗುಳಿಗಿ ನುಂಗ, ಸುಂದ್ರಾ."

"ದೇವರ ಮುಂದ ಬಿಟ್ಟದ್ದ ಮತ್ತ ಬಾಯಾಗ ಹಾಕ್ಕೊಳ್ಳಾಂಗಿಲ್ಲ."

"ನೀ ಬಿಟ್ಟದ್ದ ಪುಡಿ. ಇದ ಗುಳಿಗಿ."

"ಎರಡೂ ಒಂದ ಅಂತ ನೀನ ಬರದೀ. ದೇವರಿಗೇ ಟೋಪಿ ಹಾಕಂತೀಯೇನ?"

ಆಗ ನೀನು ಸೊಂಟದ ಮೇಲಿನ ಕೈ ಇಳಿಸಿದೆ. ನಾನೇ ಗೆದ್ದೆ ಎಂದುಕೊಂಡೆ. ನೀನು ಮಂಚದ ಮೇಲೆ ಕುಳಿತು, ಮೆಲ್ಲಗೆ, "ನಿಮ್ಮವ್ವ ಜ್ವಾಳಾ ಹಸನ ಮಾಡಕೋತ ನಮಗಿಬ್ಬರಿಗೂ ಏನ ಹೇಳತಿದ್ಲು? ಸಂಸಾರದಾಗಿರೊ ಶ್ರಾವಕರಿಗಿ ಹನ್ನೊಂದ ಮೆಟ್ಟಲ ಅದಾವ, ಒಂದೊಂದ ಬಿಟಗೋತ ಒಂದೊಂದ ಏರಬೇಕ ಅಂತಿದ್ಲೊ ಇಲ್ಲೊ? ಒಮ್ಮೆಲೆ ತುದೀಗಿ ಜಿಗದ ಕುಂಡ್ರಂತ ಹೇಳಿದ್ಲೇನ? ನೀ ಜಿಗದಿ, ಬಚ್ಚಲದಾಗ ಬಿದ್ದಿ. ಇದನ್ನೂ ಮೆಟ್ಟಲಾ ಹತ್ತಿದಾಂಗ ಬಿಡ. ಈ ವಾರ ಇಷ್ಟ, ಮುಂದಿನ ವಾರ ಅಷ್ಟ" ಎಂದೆ.

"ನನ್ನ ಧರ್ಮ ನನಗ ಹೇಳಾಕ ಬಂದಾಳ ನೋಡ್ರಿ!" ಎಂದು ಕೂಗಿದೆನೇ ಹೊರತು, ಅವ್ವನ ಮೊರ ಕಣ್ಣೆದುರು ಬಂತು. ಅವ್ವ ಹೋದ ಮೇಲೆ ಆ ಮಾತನ್ನು ನನಗೆ ನೆನಪಿಸುವವರು ಭೂಮಿಯ ಮೇಲೆ ನೀನೊಬ್ಬಳೇ ಉಳಿದಿದ್ದೀ.

ಮನೆಯವರು ಚಾತುರ್ಮಾಸಕ್ಕೆ ಗೋಕಾಕದಲ್ಲಿ ನಿಂತಿರುವ ಮಾತಾಜಿಯವರ ಬಳಿ ಓಡಿದರು. ಅವರು ಹೇಳಿ ಕಳಿಸಿದ್ದು ನೀನೂ ಕೇಳಿದೆ: "ಅದ ತ್ಯಾಗ ಅಲ್ಲ, ಸಿಟ್ಟ. ಸಿಟ್ಟ ಮೊದಲ ಬಿಡಂತ ಹೇಳ್ರಿ. ಔಷಧಾ ಡಾಕ್ಟರ ಹೇಳಿದಾಂಗ ಬಿಡ್ಲಿ." ಗುಳಿಗೆ ನುಂಗಿದೆ.

ನಿನ್ನ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ ನಿನ್ನ ತಮ್ಮ ಭೀಮರಾಯ ಒಳಗೆ ಬರಲೇ ಇಲ್ಲ. "ಬಾರೊ, ನಿಂತೀಯಲ್ಲ" ಎಂದೆ. ಬಂದು ಕಾಲು ಹಿಡಿದ. ಅವನನ್ನು ಬೈಯಲು ಕಟ್ಟಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋದವೋ. ಚಿಕ್ಕವನಿದ್ದಾಗ ಅವನನ್ನು ಬಗಲಲ್ಲಿ ಎತ್ತಿಕೊಂಡು ತಿರುಗಿದವಳು ನಾನೇ ಅಲ್ಲವೇ?

ಮಿರಜಿನವರು ಸದ್ಯಕ್ಕೆ ಬಿ.ಸಿ.ಜಿ. ನಿಲ್ಲಿಸಿದ್ದಾರೆ.

ಸುಂದರಾ

*

ಹುಕ್ಕೇರಿ
14 ನವೆಂಬರ್ 1999

ಸುಂದರಾ,

ನಿನ್ನ ಮನೆಯವರು ಫೋನಿನಲ್ಲಿ ಹೇಳಿದರು, ಒಳಗೆ ಮತ್ತೆ ಎರಡು ಸಣ್ಣ ಗಂಟು ಕಂಡವಂತೆ, ಕೆರೆದರಂತೆ. ಗುಳಿಗೆ ಪೂರ್ತಿ ನಿಂತು, ಮೈ ತನ್ನ ಕೆಲಸ ತಾನು ಹಿಡಿದ ಮೇಲೆ ಬಿ.ಸಿ.ಜಿ. ಮತ್ತೆ ಮೊದಲಿನಿಂದ. ಈ ಸಲವೂ ಆಗದಿದ್ದರೆ ಚೀಲ. ನೀನು ಇದನ್ನು ನನಗೆ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ನಾನು ಕೇಳುವುದಿಲ್ಲ.

ಬೇರೊಂದು ಸುದ್ದಿ ಹೇಳುತ್ತೇನೆ. ಭೀಮರಾಯ ಗುಳಿಗೆ ಅರೆಯುವುದನ್ನು ಬಿಟ್ಟ. ಅಷ್ಟಕ್ಕೇ ಕೈ ತೊಳೆದುಕೊಳ್ಳಲಿಲ್ಲ. "ಸುಂದ್ರಕ್ಕನಾಂಗ ಎಲ್ಲಾರೂ ಒಮ್ಮೆಲೆ ಬಿಟ್ರ ಏನ ಗತಿ?" ಎಂದು, ಪುಡಿ ಒಯ್ಯುವವರ ಮನೆಮನೆಗೆ ಸೈಕಲ್ ತುಳಿದು, ಕಟ್ಟೆಯ ಮೇಲೆ ಕುಳಿತು, ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಿ, ದವಾಖಾನೆಗೆ ಕರೆದೊಯ್ಯುತ್ತಿದ್ದಾನೆ. ಕೆಲವರು ಉಗಿದರಂತೆ. ಒಬ್ಬರು ಕೈಯೆತ್ತಿದರಂತೆ. ಅಮಾವಾಸ್ಯೆಯ ಜೀಪುಗಳು ಬರುತ್ತಿಲ್ಲ, ಅಂಗಳ ಖಾಲಿ. ಹೋದ ವಾರ ಹೋಗಿದ್ದೆ. ಒಬ್ಬನೇ ಕುಳಿತು ಶುಂಠಿ ಕುಟ್ಟುತ್ತಿದ್ದ. ಅಪ್ಪನ ಕಾಲದ ವಾಸನೆ ಬಂತು ಸುಂದರಾ, ಬರೀ ಬೇರಿನ ವಾಸನೆ. ಜೀಪುಗಳ ಸಾಲು ಕಂಡಾಗ ಎಂದೂ ಪಡದಷ್ಟು ಹೆಮ್ಮೆ ಅಂದು ನನ್ನ ತಮ್ಮನ ಬಗ್ಗೆ ಪಟ್ಟೆ.

ನಿನ್ನ ಮೊಣಕಾಲು ಈಗ ಬಹಳ ನೋಯುತ್ತಿರಬೇಕು. ಬಿಸಿ ಶಾಖ ಕೊಡು. ಅಪ್ಪನ ಪುಡಿಯನ್ನೂ ಡಾಕ್ಟರನ್ನು ಕೇಳದೆ ಮುಟ್ಟಬೇಡ, ಇದು ಅಪ್ಪನ ಮಗಳೇ ಹೇಳುವ ಮಾತು.

ಅನ್ನೀ

*

ಮಸಗುಪ್ಪಿ
20 ಫೆಬ್ರವರಿ 2000

ಅನ್ನೀ,

ನನಗೂ ಜ್ವರ ಬಂತು!

ಎರಡನೆಯ ಪಾಳಿಯ ಮೂರನೆಯ ಸಲ ಔಷಧ ಬಿಡಿಸಿಕೊಂಡು ಬಂದ ದಿನವೇ ಚಳಿ ಹತ್ತಿತು, ಉರಿ ಅಂದರೆ ಮೆಣಸಿನಕಾಯಿ ಅರೆದಂತೆ. ನಾನು ಮಂಚದ ಮೇಲೆ ನಡುಗುತ್ತ ನಗುತ್ತಿದ್ದೆ. ಮನೆಯವರು ಜ್ವರ ತಲೆಗೇರಿತೆಂದು ಗಾಬರಿಯಾದರು. "ಗಾಬರಿ ಆಗಬ್ಯಾಡ್ರಿ, ನನ್ನ ಮಂದಿ ಎದ್ದಾರ" ಎಂದೆ.

ಜಿನೇಂದ್ರ ಓಡಿಹೋಗಿ ಔಷಧದಂಗಡಿಯಿಂದ ಭಾರಿ ಗುಳಿಗೆ ತಂದ. ಒಂದೇ ದಿನದಲ್ಲಿ ಉರಿ ನಿಲ್ಲುತ್ತದೆಂದು ಅಂಗಡಿಯವನು ಹೇಳಿದನಂತೆ. ಒಂದೇ ದಿನದಲ್ಲಿ ಎಂಬ ಮಾತು ಕೇಳಿಯೇ ನನಗೆ ಮೈಯೆಲ್ಲ ಉರಿಯಿತು. ತಿರುಗಿ ಕೊಟ್ಟು ಬಾ ಎಂದೆ. ಮಿರಜಿಗೆ ಫೋನು ಹಚ್ಚಿಸಿದೆ. ಜ್ವರಕ್ಕೆ ಸಾದಾ ಗುಳಿಗೆ ಸಾಕು, ಮರುದಿನ ಇಳಿಯದಿದ್ದರೆ ಬನ್ನಿ ಎಂದರು. ಇಳಿಯಿತು.

ಗುಂಡು ಮುಖ ಹೋಗಿ ಮೊದಲಿನ ಮೂಗು ಮರಳಿ ಬಂದಿದೆ. ಮೊಣಕಾಲು ನೋಯುತ್ತದೆ, ಕೋಲು ಹಿಡಿದಿದ್ದೇನೆ. ಹೆದರಿಕೆ? ಇದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಮೇ ತಿಂಗಳಲ್ಲಿ ಒಳಗೆ ನೋಡುತ್ತಾರೆ.

ಸುಂದರಾ

*

ಮಸಗುಪ್ಪಿ
26 ಮೇ 2000

ಅನ್ನೀ,

ಒಳಗೆ ಏನೂ ಇಲ್ಲ. ಡಾಕ್ಟರು ಎರಡೆರಡು ಸಲ ನೋಡಿದರು. "ಸ್ವಚ್ಛ ಆಹೆ" ಎಂದರು. ಇನ್ನೂ ಕೆಲವು ಕಾಲ ಆಗಾಗ ಔಷಧ, ಆಗಾಗ ನೋಡುವುದು ಇದ್ದೇ ಇದೆ. ಇರಲಿ. ಮೂತ್ರಕೋಶ ನನ್ನದು, ನನ್ನ ಹತ್ತಿರವೇ ಇದೆ.

ಮೊನ್ನೆ ಮಾತಾಜಿಯವರು ಊರಿಂದೂರಿಗೆ ಕಾಲ್ನಡಿಗೆಯ ವಿಹಾರದಲ್ಲಿ ನಮ್ಮೂರಿನ ಮೇಲೆ ಬಂದರು. ನಿನಗೆ ಗೊತ್ತು, ಅವರನ್ನು ಕುಂಕುಮ ಕೊಟ್ಟು ಕರೆಯಲಾಗದು. ಬಾಗಿಲಲ್ಲಿ ಕಲಶ ಹಿಡಿದು ಕಾಯಬೇಕು, ಬಂದರೆ ಬಂದರು. ಕೋಲನ್ನು ಗೋಡೆಗೆ ಒರಗಿಸಿ ನಿಂತೆ. ಎಲ್ಲ ಮನೆ ದಾಟಿ ಬಂದು ನನ್ನೆದುರು ನಿಂತರು. "ಮನಶುದ್ಧಿ, ವಚನಶುದ್ಧಿ" ಎಂದವಳಿಗೆ ಮುಂದಿನದು ಹೊರಡಲಿಲ್ಲ. ಅವರು ಕಾದರು. "ಕಾಯಶುದ್ಧಿ" ಎಂದೆ, ಓಣಿಗೆಲ್ಲ ಕೇಳುವಂತೆ ಎಂದೆ. ಅವರು ಕೈ ಒಡ್ಡಿದರು.

ಮುಂದಿನ ತಿಂಗಳು ಜಿನೇಂದ್ರನ ಮದುವೆ. ಈ ಪತ್ರವನ್ನು ಆಮಂತ್ರಣವೆಂದು ತಿಳಿಯಬೇಡ. ಅಂಚೆಯಲ್ಲಿ ಕರೆಯುವ ಪದ್ಧತಿ ನಿಮ್ಮದು, ನಮ್ಮದಲ್ಲ. ಬರುವ ಗುರುವಾರ ಬೆಳಗಿನ ಹುಕ್ಕೇರಿ ಬಸ್ಸಿಗೆ ಕುಂಕುಮದ ಭರಣಿ ಹಿಡಿದು ನಿನ್ನ ಮನೆಗೆ ನಾನೇ ಬರುತ್ತಿದ್ದೇನೆ. ಸೋತೆ ಅನ್ನುವುದಾದರೆ ಅನ್ನು, ನಿನ್ನ ಹೊಸ್ತಿಲ ಮೇಲೆ ನಿಂತು ಅನ್ನಿಸಿಕೊಳ್ಳುತ್ತೇನೆ.

ಮನೆಯವರು ರೈಲು ಎನ್ನುತ್ತಿದ್ದಾರೆ, ಜೀಪು ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ನಾನು ಬಸ್ಸಿಗೇ ಬರುತ್ತೇನೆ. ಗೋಕಾಕದ ಸ್ಟ್ಯಾಂಡಿನಲ್ಲಿ ಸೋಸಿದ ನೀರು ಒಂದು ತಂಬಿಗೆ ತುಂಬ ಕುಡಿದೇ ಹತ್ತುತ್ತೇನೆ. ನಡುವೆ ಎಲ್ಲೂ ನಿಲ್ಲಿಸು ಎನ್ನುವುದಿಲ್ಲ.

ನಿನ್ನ
ಸುಂದರಾ